ಮೋಟಾರಿನ ಚಕ್ರಕ್ಕೆ ಹರಳೆಣ್ಣೆ

ಏರಿಯ ಮೇಲೆ ನಮ್ಮ ಮೋಟಾರು ಕೆರೆಗೆ ಮೂತಿ ಹಾಕಿದ್ದಕ್ಕೆ ಅಲ್ಲಿಯ ಆಲದಮರದ ಮುನಿದೆವ್ವ ಕಾರಣವಲ್ಲ, ಡ್ರೈವರ್ ಜವರ ಕುಡಿದೂ ಇರಲಿಲ್ಲ. ನಮ್ಮ ಯಜಮಾನರು ಮುಂದಿನ ಎಡಚಕ್ರಕ್ಕೆ ಹರಳೆಣ್ಣೆ ಬಿಟ್ಟಿದ್ದರು. ಆದದ್ದು ಇಷ್ಟೇ. ಮಿಕ್ಕದ್ದೆಲ್ಲ ಊರವರು ಹಾಕಿದ ಒಗ್ಗರಣೆ.

ಇಷ್ಟು ಹೇಳಿ ಎದ್ದು ಹೋಗಬಹುದಿತ್ತು. ಆದರೆ ಈಗ ಹುಣಸೂರು, ಪಿರಿಯಾಪಟ್ಟಣದ ಕಡೆ ಎತ್ತು ಮಾರಿ ಮೋಟಾರು ತರುವ ಮನೆಗಳು ಒಂದೊಂದಾಗಿ ಏಳುತ್ತಿವೆ. ಅಂಥ ಪ್ರತಿ ಮನೆಯ ಜಗಲಿಯ ಮೇಲೂ ನಮ್ಮ ಯಜಮಾನರಂಥ ಒಬ್ಬರು ಕೂತಿರುತ್ತಾರೆ. ಎಣ್ಣೆ ಅವರ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಅಣ್ಣನ ಬೆನ್ನು ಹಿಡಿದು ಕೂಲಿಮಠಕ್ಕೆ ಹೋದವಳು. ಕಾಗುಣಿತ ಮುಗಿಯುವ ಹೊತ್ತಿಗೆ ಮದುವೆಯಾಯಿತು. ತಪ್ಪು ಕಂಡರೆ ನೀವೇ ತಿದ್ದಿಕೊಳ್ಳಿ, ನನಗೆ ಹೇಳಬೇಡಿ.

ಮೋಟಾರು ನನ್ನ ಮಗ ಶಿವಣ್ಣನದು. ಕೊಡಗಿನ ಯಾವುದೋ ಕಾಫಿ ತೋಟದವರು ಓಡಿಸಿ ಬಿಟ್ಟದ್ದು. ಮುಂದೆ ಇಬ್ಬರು ಮೂವರು ಕೂರುವ ಸೀಟು, ಹಿಂದೆ ಮುಚ್ಚಳವಿಲ್ಲದ ಪೆಟ್ಟಿಗೆ. ಮಗ ಅದನ್ನು ಪಿಕಪ್ಪು ಎನ್ನುತ್ತಾನೆ. ಊರವರಿಗೆ ಅದು ಮೋಟ್ರು. ಹೊಗೆಸೊಪ್ಪು, ರಾಗಿ, ಹುಲ್ಲು, ಒಮ್ಮೊಮ್ಮೆ ದಿಬ್ಬಣ, ಎಲ್ಲ ಅದರಲ್ಲೇ. ಅದು ಮನೆಗೆ ಬಂದ ವಾರದಲ್ಲೇ ನಮ್ಮ ಜೋಡೆತ್ತು ಕೃಷ್ಣರಾಜನಗರದ ಕಡೆಯವರ ಕೈಗೆ ಹೋದವು. ಯಜಮಾನರು ಎತ್ತುಗಳ ಜೊತೆ ಊರ ಗಡಿಯವರೆಗೆ ನಡೆದು, ತಿರುಗಿ ಬಂದು ಜಗಲಿಯ ಮೇಲೆ ಕೂತರು. ಅಲ್ಲಿಂದ ಅವರಿಗೆ ಕೆಲಸವಿಲ್ಲ. ಕೆಲಸವಿಲ್ಲದ ಗಂಡಸನ್ನು ಮನೆಯಲ್ಲಿ ಇಟ್ಟುಕೊಂಡು ನೋಡಿ, ಗೊತ್ತಾಗುತ್ತದೆ. ಉಪ್ಪಿನ ಮಡಕೆ ಎಲ್ಲಿಡಬೇಕು ಅನ್ನುವುದಕ್ಕೂ ಬಾಯಿ ಹಾಕುತ್ತಾರೆ.

ಗಾಡಿಯ ವಿಷಯ ಅವರಿಗೆ ಗೊತ್ತಿರುವಷ್ಟು ಈ ಸೀಮೆಯಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ, ಅದನ್ನು ಒಪ್ಪುತ್ತೇನೆ. ಗಾಡಿಗೆ ಬ್ರೇಕು ಅಂತ ಬೇರೆ ಇಲ್ಲ, ಎತ್ತೇ ಬ್ರೇಕು. ಇಳಿಜಾರಿನಲ್ಲಿ ನೊಗ ಕೊಂಬಿಗೆ ಒತ್ತಿದಾಗ ಎತ್ತು ತಾನಾಗಿ ಹಿಂಗಾಲು ಊರುತ್ತದೆ. ಎರಡೂ ಒಟ್ಟಿಗೆ ಊರಬೇಕು. ಒಂದು ಊರಿ ಇನ್ನೊಂದು ನಡೆದುಬಿಟ್ಟರೆ ಗಾಡಿ, ಊರಿದ ಎತ್ತಿನ ಕಡೆಗೇ ತಿರುಗಿಕೊಂಡು ಹಳ್ಳಕ್ಕೆ ಹೋಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಯಜಮಾನರೇ. ಮದುವೆಯಾದ ಹೊಸದರಲ್ಲಿ ಗಾಡಿಯಲ್ಲಿ ಕೂರಿಸಿಕೊಂಡು ಚುಂಚನಕಟ್ಟೆಗೆ ಹೋಗುವಾಗ ದಾರಿಯುದ್ದಕ್ಕೂ ಹೇಳಿದ ಮಾತು ಅದೊಂದೇ. ಬೇರೆ ಹೆಂಗಸರಿಗೆ ಗಂಡಂದಿರು ಏನು ಹೇಳುತ್ತಾರೋ ನನಗೆ ತಿಳಿಯದು.

ಗಾಡಿಯವರ ಇನ್ನೊಂದು ಪದ್ಧತಿ, ಹೊರಡುವ ಮುಂಚೆ ಅಚ್ಚಿಗೆ ಎಣ್ಣೆ ಬಿಡುವುದು. ಎಣ್ಣೆ ಕಾಣದ ಚಕ್ರ ಊರಾಚೆಯಿಂದಲೇ ಅಳುತ್ತದೆ. ಅಳುವ ಗಾಡಿ ಹೊಡೆಯುವವನಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಯಜಮಾನರ ಗಾಡಿ ಒಂದು ದಿನವೂ ಅತ್ತದ್ದಿಲ್ಲ.

ಆ ಕೈ ಸುಮ್ಮನಿರುತ್ತದೆಯೆ? ಮೋಟಾರಿನ ಮುಂದಿನ ಚಕ್ರದ ನಡುವೆ ಡಬ್ಬಿಯ ಮುಚ್ಚಳದಂಥ ತಗಡಿನ ಬಿಲ್ಲೆ ಇದೆ. ಅದನ್ನು ಉಳಿಯಿಂದ ಮೀಟಿ ತೆಗೆದರೆ ಒಳಗೆ ಅಚ್ಚಿನ ತುದಿ ಕಾಣುತ್ತದೆ. ಅಚ್ಚು ಕಂಡ ಮೇಲೆ ಮುಗಿಯಿತು. ದಿನಾ ಬೆಳಿಗ್ಗೆ, ಜವರ ಬರುವ ಮುಂಚೆ, ಯಾರಿಗೂ ಹೇಳದೆ ನಮ್ಮ ಮನೆಯ ಹರಳೆಣ್ಣೆಯನ್ನು ಅದಕ್ಕೆ ಹೊಯ್ದು ಮುಚ್ಚಳ ಬಡಿದು ಬರುತ್ತಿದ್ದರು. ಎಡಗಡೆ ಮಾತ್ರ. ಬಲಗಡೆಯನ್ನು ಕೊಟ್ಟಿಗೆಯ ಗೋಡೆಗೆ ಒತ್ತಿಸಿ ನಿಲ್ಲಿಸುತ್ತಿದ್ದರಿಂದ ಅತ್ತ ಕೈ ಹೋಗುತ್ತಿರಲಿಲ್ಲ.

ನನಗೆ ಇದಾವುದೂ ತಿಳಿಯದು. ಎಣ್ಣೆಯ ಗಡಿಗೆ ಬೇಗ ಖಾಲಿಯಾಗುವುದು ಮಾತ್ರ ತಿಳಿದಿತ್ತು. ಸೊಸೆಯ ಜಡೆ ದಿನೇ ದಿನೇ ಮಿನುಗುತ್ತಿದೆ ಅಂದುಕೊಂಡಿದ್ದೆ.

ಹುಣಸೂರು ಸಂತೆಯ ದಿನ ಹೊಗೆಸೊಪ್ಪಿನ ಹೊರೆ ಹೇರಿಕೊಂಡು ಜವರ ಹೊರಟ. ಯಜಮಾನರು ಮುಂದೆ ಕೂತಿದ್ದರು. ಏರಿಯ ನಡುವೆ ಎಮ್ಮೆಗಳು ಅಡ್ಡ ಬಂದವು. ಜವರ ಬ್ರೇಕು ತುಳಿದ. ಮೋಟಾರು ನಿಲ್ಲುವ ಬದಲು ಬಲಕ್ಕೆ ತಿರುಗಿ, ಏರಿಯ ಅಂಚು ದಾಟಿ, ನೀರು ನೋಡಲು ಹೋದಂತೆ ಬಾಗಿ ನಿಂತಿತು. ಕತ್ತಾಳೆಯ ಪೊದೆಯೊಂದು ತಡೆಯದೆ ಇದ್ದಿದ್ದರೆ ನಾನು ಇವತ್ತು ಈ ಹಣೆಯಲ್ಲಿ ಕುಂಕುಮವಿಟ್ಟುಕೊಂಡು ಬರೆಯುತ್ತಿರಲಿಲ್ಲ. ಹೊರೆಗಳು ಕೆರೆಗೆ ಬಿದ್ದವು. ಎಮ್ಮೆಗಳು ನಿಂತು ನೋಡಿದವು.

ಊರೆಲ್ಲ ಏರಿಗೆ ಓಡಿ ಬಂತು. ಯಜಮಾನರು ಕೆಳಗಿಳಿದವರೇ ಅಷ್ಟು ಜನರ ಮುಂದೆ ಕೂಗಿದರು.

"ಕಣ್ಣಾರೆ ಕಂಡೆ ಕಣ್ರಲಾ! ಇವ್ನೇ ತಿರುಗಿಸ್ದ. ಕುಡ್ದವ್ನೆ ಇವ್ನು!"

ಯಜಮಾನರು ಸುಳ್ಳು ಹೇಳುವವರಲ್ಲ. ಅದೇ ತೊಂದರೆಯಾದದ್ದು. ಸುಳ್ಳು ಹೇಳುವವರಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಜವರ ಹೆಂಡದಂಗಡಿಯಲ್ಲಿ ಕೂತಿದ್ದನ್ನು ಕಂಡವರು ಕೂಡ ಹುಟ್ಟಿಕೊಂಡರು. ಅವನು ಕುಡಿಯುವುದನ್ನು ಹುಟ್ಟಿದಾಗಿನಿಂದ ಕಾಣದವರೇ ಅವರೆಲ್ಲ. ಇನ್ನು ಕೆಲವರು ಮುನಿಯ ಕಡೆಯವರು. ಅವರು ಆಲದಮರಕ್ಕೆ ಕೋಳಿ ಕೊಯ್ದರು. ಆ ಕೋಳಿಗೆ ಮೋಟಾರಿನ ವಿಷಯ ಏನೂ ಗೊತ್ತಿರಲಿಲ್ಲ, ಪಾಪ.

ಶಿವಣ್ಣ ಅಪ್ಪನ ಮಾತು ಮೀರುವವನಲ್ಲ. "ಇವ್ನ್ ಲೈಸನ್ಸು ಕೀಳುಸ್ತೀನಿ" ಎಂದು ಹಲ್ಲು ಕಡಿಯುತ್ತಿದ್ದ. ಲೈಸನ್ಸು ಹೋದರೆ ಜವರ ಯಾವ ಊರಿನಲ್ಲೂ ಮೋಟಾರು ಮುಟ್ಟುವ ಹಾಗಿಲ್ಲ. ಅವನಿಗೆ ಜಮೀನಿಲ್ಲ. ಹೆಂಡತಿ ನಿಂಗಿ ತುಂಬಿದ ಬಸುರಿ. ಅವನಿಗಿದ್ದದ್ದು ಆ ಕೆಲಸ, ಕುಡಿಯದವನು ಅನ್ನುವ ಹೆಸರು. ಎರಡೂ ಒಂದೇ ದಿನ ಹೋಗುವ ಹಾಗಾಯಿತು.

ಊರವರ ಎತ್ತು ಕಟ್ಟಿ ಎಳೆಸಿ ಮೋಟಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದ್ದರು. ಮರುದಿನ ಬೆಳಿಗ್ಗೆ ಜವರ ಬಂದು ಹಿತ್ತಲ ಬಾಗಿಲಲ್ಲಿ ನಿಂತ.

"ಅವ್ವಾ, ನಾನು ಕುಡ್ದಿರ್ಲಿಲ್ಲ ಕಣವ್ವಾ. ವಾರದಿಂದ ಬ್ರೇಕ್ ತುಳುದ್ರೆ ಬಲಕ್ಕೆ ಎಳೀತಾ ಅದೆ. ಸಣ್ಣೆಜಮಾನ್ರಿಗೆ ಏಳ್ದೆ. ಹಳೇ ಮೋಟ್ರು, ಅಂಗೇ ಇರ್ತದೆ ಬುಡು ಅಂದ್ರು."

"ಬಲಕ್ಕೇ ಎಳೀತದಾ? ಒಂದ್ಸಲಾನೂ ಎಡಕ್ಕಿಲ್ವಾ?"

"ಬಲಕ್ಕೇಯ."

ಕುಡಿದವನಾದರೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಗುತ್ತಾನೆ. ಮುನಿಗೆ ಕೂಡ ಏರಿ ಬಿಟ್ಟು ಬೇರೆ ಕಡೆ ಕೈ ಚಾಚುವ ಅಧಿಕಾರವಿಲ್ಲ. ಎಲ್ಲ ಕಡೆಯೂ, ಎಲ್ಲ ದಿನವೂ, ಒಂದೇ ಪಕ್ಕಕ್ಕೆ ಎಳೆದರೆ ಒಂದು ಎತ್ತು ಕಾಲು ಊರುತ್ತಿದೆ, ಇನ್ನೊಂದು ಊರುತ್ತಿಲ್ಲ. ಇದಕ್ಕೆ ಇಂಗ್ಲಿಷು ಬೇಕಿಲ್ಲ.

"ಕಣಕ್ಕೆ ಓಡ್ಸ್ಕಬಾ" ಎಂದೆ. ನಮ್ಮ ಕಣ ಸಗಣಿ ಸಾರಿಸಿದ ಚಪ್ಪಟೆ ನೆಲ, ಸುಗ್ಗಿ ಮುಗಿದು ಧೂಳು ಕೂತಿತ್ತು. ಹೊರೆಯಿಲ್ಲದೆ, ನಿಧಾನವಾಗಿ ಓಡಿಸಿ ತುಳಿಯುವಂತೆ ಹೇಳಿದೆ. ಮಗ ಒಲ್ಲದ ಮುಖ ಮಾಡಿಕೊಂಡು ಬಂದ. ಯಜಮಾನರು ಬೇಲಿಯ ಹತ್ತಿರ ದೂರದಲ್ಲಿ ನಿಂತರು. ಜವರ ಓಡಿಸಿದ, ತುಳಿದ, ಓಡಿಸಿದ, ತುಳಿದ. ಮೂತಿ ಪ್ರತಿ ಸಲವೂ ಬಲಕ್ಕೆ ಹೊರಳಿತು. ಧೂಳಿನ ಮೇಲೆ ಮುಂದಿನ ಬಲಚಕ್ರ ಎಳೆದುಕೊಂಡು ಹೋದ ಗೀರು ಕಪ್ಪಗೆ ಕಂಡಿತು. ಎಡಗಡೆ ಉರುಳಿದ ಗುರುತು ಮಾತ್ರ.

"ಟೈರಲ್ಲಿ ಗಾಳಿ ಕಮ್ಮಿಯಾದ್ರೂ ಇಂಗೆ ಎಳೀತದೆ" ಎಂದ ಮಗ. ಜವರ ಎರಡನ್ನೂ ಬಡಿದು ತೋರಿಸಿದ, ಒಂದೇ ಸದ್ದು. ಕೆಳಗೆ ನುಗ್ಗಿ ಬ್ರೇಕಿನ ಕಂಬಿಗಳನ್ನು ಅಲುಗಾಡಿಸಿದ, ಎರಡೂ ಬಿಗಿ. ಆಗ ನಾನು ಚಕ್ರಗಳ ಹತ್ತಿರ ಹೋದೆ. ರೊಟ್ಟಿ ಬೇಯಿಸುವವರು ಹೆಂಚು ಕಾದಿದೆಯೆ ಎಂದು ಮುಟ್ಟಿ ನೋಡುವುದಿಲ್ಲ. ಅಂಗೈಯನ್ನು ಮೇಲೆ ಹಿಡಿಯುತ್ತಾರೆ. ಹಾಗೆ ಹಿಡಿದೆ. ಚಕ್ರದ ಹಿಂದೆ ಬೋಗುಣಿಯಂಥ ಕಬ್ಬಿಣವಿರುತ್ತದೆ, ಬ್ರೇಕು ಅದನ್ನೇ ಒಳಗಿನಿಂದ ಹಿಡಿಯುವುದು. ಬಲಗಡೆಯದು ಕಾವೇರಿತ್ತು. ಎಡಗಡೆಯದು ಹಳೆಯ ಮುದ್ದೆಯಷ್ಟು ತಣ್ಣಗೆ. ಬಗ್ಗಿದವಳಿಗೆ ಚಕ್ರದ ಒಳಮೈಯಲ್ಲಿ ಜಿಡ್ಡಿನ ಗೆರೆಗಳು ಕಂಡವು, ಅದಕ್ಕೆ ಧೂಳು ರಾಗಿಹಿಟ್ಟಿನಂತೆ ಅಂಟಿತ್ತು. ಮೂಗಿಗೂ ಒಂದು ವಾಸನೆ ಬಡಿಯಿತು. ಹರಳು ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆಯುವವಳು ನಾನು. ಆ ವಾಸನೆಯನ್ನು ನನಗೆ ಯಾರೂ ಪರಿಚಯ ಮಾಡಿಸಬೇಕಿಲ್ಲ. ಮನಸ್ಸಿನಲ್ಲೇ ಸೊಸೆಯ ಜಡೆಯ ಮೇಲಿನ ಗುಮಾನಿ ಬಿಟ್ಟುಕೊಟ್ಟೆ.

ಜವರ ಚಕ್ರ ಕಳಚಿದ. ಒಳಗೆ ಲಾಳದ ಹಾಗೆ ಬಾಗಿದ ಎರಡು ಕಬ್ಬಿಣ, ಅದರ ಮೇಲೆ ಗಟ್ಟಿ ಬಟ್ಟೆಯಂಥ ಪಟ್ಟಿ. ಹಿಡಿಯಬೇಕಾದದ್ದು ಆ ಪಟ್ಟಿ. ಅದು ಅಭ್ಯಂಜನ ಮಾಡಿಸಿಕೊಂಡವರಂತೆ ಎಣ್ಣೆ ಸುರಿಸುತ್ತಿತ್ತು. ಅಚ್ಚಿಗೆ ಹೊಯ್ದದ್ದು ಒಳಗಿನ ಗಟ್ಟಿ ಜಿಡ್ಡನ್ನೂ ಕರಗಿಸಿಕೊಂಡು ಅಲ್ಲಿಗೆ ಇಳಿದಿತ್ತು.

"ಯಾರ್ ಉಯ್ದೋರು ಇದ್ನ?" ಎಂದ ಮಗ.

ಬೇಲಿಯ ಹತ್ತಿರದಿಂದ ಉತ್ತರ ಬಂತು. "ನಾನೇಯ. ಎಣ್ಣೆ ಕಾಣ್ದೆ ಚಕ್ರ ಉರುಳಿಸ್ತೀರಲ್ಲ, ಅದೇನ್ ಬಾಳು ಅಂತ ನಾನೇ ಬುಟ್ಟೆ."

ಯಜಮಾನರು ಹತ್ತಿರ ಬಂದು, ಆ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿ, ಬೆರಳನ್ನು ಪಂಚೆಗೆ ಒರೆಸಿಕೊಂಡು ಮನೆಗೆ ಹೋದರು. ಆ ನಡಿಗೆಯನ್ನು ನಾನು ಒಮ್ಮೆ ನೋಡಿದ್ದೆ, ಎತ್ತು ಬಿಟ್ಟು ಬಂದ ದಿನ.

ಮುಂದಿನದು ರಿಪೇರಿ. ಎಣ್ಣೆ ತಲೆಗಾಗಲಿ ಪಟ್ಟಿಗಾಗಲಿ ಎಣ್ಣೆಯೇ ಅಂದುಕೊಂಡು ನಾನು ಸೀಗೆಪುಡಿ ತಂದು ಉಜ್ಜಿದೆ. ನೊರೆ ಬಂತು, ಎಣ್ಣೆ ಹೋಗಲಿಲ್ಲ. ನೀವು ಆ ಕೆಲಸಕ್ಕೆ ಕೈ ಹಾಕಬೇಡಿ. ಮಗ, ಜವರ ಇಬ್ಬರೂ ಕೈಬ್ರೇಕಿನ ಮೇಲೆ ಆಮೆಯಂತೆ ಹುಣಸೂರಿಗೆ ಓಡಿಸಿಕೊಂಡು ಹೋದರು. ಅಲ್ಲಿಯ ಶೆಡ್ಡಿನವನು ಎರಡೂ ಕಡೆಗೆ ಹೊಸ ಪಟ್ಟಿ ಹಾಕಿದ. ಬಲಗಡೆಯದು ಚೆನ್ನಾಗಿತ್ತಲ್ಲ, ಅದನ್ನೇಕೆ ಬದಲಿಸಿದ ಎಂದು ಆಮೇಲೆ ನಾನು ಮಗನ ಹತ್ತಿರ ಜಗಳಕ್ಕೆ ನಿಂತೆ. ಒಂದು ಹೊಸದು ಒಂದು ಹಳೆಯದಾದರೆ ಮತ್ತೆ ಒಂದೇ ಕಡೆ ಎಳೆಯುತ್ತದಂತೆ. ಹೋರಿಯ ಜೊತೆಗೆ ಮುದಿ ಎತ್ತು ಕಟ್ಟಿದ ಹಾಗೆ. ಒಪ್ಪಿದೆ. ಮೋಟಾರಿಟ್ಟವರಿಗೆ ಇನ್ನು ನನ್ನದೂ ಮೂರು ಮಾತು: ಓಡಿ ಬಂದ ಮೇಲೆ ಮುಂದಿನ ಎರಡು ಚಕ್ರದ ಹತ್ತಿರವೂ ಅಂಗೈ ಹಿಡಿಯಿರಿ, ಕಾವು ಒಂದೇ ಸಮ ಇರಬೇಕು. ಒಳಮೈಯಲ್ಲಿ ಜಿಡ್ಡು ಕಂಡ ದಿನ ಹೊರೆ ಹೇರಬೇಡಿ. ಡ್ರೈವರು ಎಳೀತದೆ ಅಂದರೆ ಅಂದೇ ಕೇಳಿ. ತುಳಿಯುವ ಕಾಲು ಅವನದು.

ಸಂಜೆ ಜವರ ಮೋಟಾರು ತಂದು ನಿಲ್ಲಿಸಿ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟ.

"ಮೋಟ್ರು ನೆಟ್ಟಗೆ ನಿಲ್ತದೆ ಅವ್ವಾ. ನಾಳೀಕೆ ನಾವು ಮೈಸೂರಿಗೆ ಹೊಂಟೋಯ್ತೀವಿ."

"ಇನ್ಯಾಕ್ಲಾ? ಎಲ್ಲಾ ತೀರ್ತಲ್ಲ."

"ಕುಡುಕ ಅಂತ ಏರಿ ಮ್ಯಾಲೆ ಊರೇ ಕೇಳ್ಸ್ಕತು. ಎಣ್ಣೆ ಅಂತ ಕಣದಲ್ಲಿ ಕಂಡೋರು ನಾವ್ ನಾಲ್ಕ್ ಜನ. ಈಗ್ಲೂ ನಿಂಗಿನ ನೀರ್ ಸೇದೋ ಬಾವಿ ತಾವ ಆಡ್ಕತಾರೆ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಳಗೆ ಯಜಮಾನರು ಮುದ್ದೆ ಮುಂದಿಟ್ಟುಕೊಂಡು ಮುರಿಯದೆ ಕೂತಿದ್ದರು.

"ನಾನು ಮೋಟ್ರು ಕೆಡುಸ್ದೆ" ಎಂದರು.

"ಮೋಟ್ರು ಕೆಡ್ಸಿದ್ದು ತಪ್ಪಲ್ಲ ಬುಡಿ. ನಿಮ್ಗೆ ಗೊತ್ತಿರ್ನಿಲ್ಲ. ಕುಡ್ದವ್ನೆ ಅಂದ್ರಲ್ಲ, ಅದೂ ಗೊತ್ತಿರ್ನಿಲ್ಲ. ಆದ್ರೂ ಅಂದ್ರಿ."

ಅವರು ನನ್ನನ್ನು ದಿಟ್ಟಿಸಿದರು. ಈ ಮನೆಯ ಯಜಮಾನ ಡ್ರೈವರಿನ ಮುಂದೆ ಹೋಗಿ ತಪ್ಪಾಯಿತು ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೆ ಮಾತನ್ನೇ ಯಾರೂ ಮಾಡಿಟ್ಟಿಲ್ಲ. ಅವರ ಬಾಯಲ್ಲಿ ಅದು ಹೊರಡುತ್ತದೆಂದು ನಾನೂ ಎಣಿಸಲಿಲ್ಲ.

ಮಾರನೇ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವುದನ್ನು ಸೊಸೆಗೆ ಬಿಟ್ಟು ಜವರನ ಕೇರಿಗೆ ಹೋದೆ. ಆ ಕೇರಿಯಲ್ಲಿ ನಮ್ಮ ಮನೆಯವರು ನೀರು ಮುಟ್ಟುವುದಿಲ್ಲ. ಬಾಯಾರಿದರೆ ಎಳನೀರು ಕಡಿಸಿಕೊಂಡು ನಿಂತೇ ಕುಡಿದು ಬರುವುದು. ಗಂಟುಮೂಟೆ ಬಾಗಿಲಲ್ಲಿತ್ತು. ನಾನು ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂತೆ. ಒಳಗೆ ರೊಟ್ಟಿಯ ಸದ್ದು ಕೇಳುತ್ತಿತ್ತು.

"ನಿಂಗೀ, ಒಂದು ರೊಟ್ಟಿ ಕೊಡು."

ಅವಳು ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದಳು. "ನಮ್ಮನೇಲಾ ಅವ್ವಾ?"

"ಇನ್ಯಾರ್ ಮನೆ ಜಗ್ಲೀಲಿ ಕುಂತಿವ್ನಿ ನಾನು? ಜೋರಾಗ್ ಕೂಗ್ಬೇಕಾ?"

ಕೂಗುವ ಅಗತ್ಯವೇ ಬರಲಿಲ್ಲ. ಕೇರಿಯ ಬಾಗಿಲುಗಳಲ್ಲೆಲ್ಲ ತಲೆಗಳು ಮೂಡಿದ್ದವು, ಬಾವಿಯ ಹತ್ತಿರ ಹಗ್ಗ ನಿಂತಿತ್ತು. ಒಂದು ತುಂಡು ಬಾಯಿಗಿಟ್ಟೆ. ಅಷ್ಟರಲ್ಲಿ ಕೋಲೂರುವ ಸದ್ದು ಬಂತು. ನಾನು ಕರೆದಿರಲಿಲ್ಲ. ಯಜಮಾನರು ಬಂದವರು ಜವರನನ್ನು ನೋಡಲಿಲ್ಲ, ಬೀದಿಯನ್ನೇ ನೋಡುತ್ತ ಗಟ್ಟಿಯಾಗಿ ಹೇಳಿದರು.

"ಅವ್ನು ಕುಡ್ದಿರ್ಲಿಲ್ಲ. ನಾನ್ ಕಂಡಿದ್ದು ಸರಿಗಿಲ್ಲ."

ಹೇಳಿ ನನ್ನ ಪಕ್ಕದಲ್ಲಿ ಕೂತು ಕೈ ಚಾಚಿದರು. ನಿಂಗಿ ಅವರಿಗೂ ಒಂದು ರೊಟ್ಟಿ ಕೊಟ್ಟಳು. ಜವರ ಗಂಟನ್ನು ಎತ್ತಿ ಒಳಗಿಟ್ಟ.

ರೊಟ್ಟಿಗೆ ಉಪ್ಪು ಕಡಿಮೆಯಾಗಿತ್ತು. ಅದನ್ನೂ ಹೇಳಿ, ಇನ್ನೊಂದು ಹಾಕಿಸಿಕೊಂಡೆ.