ಅಣ್ಣನ ಅಂಗಾಲು ಒದ್ದೆಯಾದ ಮಧ್ಯಾಹ್ನ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ದಿನವಿಡೀ ಬಟ್ಟೆಯಲ್ಲಿ ದೋಷ ಹುಡುಕುವವನು ನಾನು. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವುದು ರೂಢಿಯಾಗಿತ್ತು. ಹೀಗಾಗಿ ನೀವು ಇದನ್ನು ನಂಬದಿದ್ದರೂ ನನಗೆ ಬೇಸರವಿಲ್ಲ.

ನಮ್ಮಣ್ಣ ಸಿದ್ದಪ್ಪ ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಊರಿನಲ್ಲಿ ಕುರಿ ಸಾಕಿಕೊಂಡಿದ್ದ. ಬೀಡಿ ಸೇದಿ ಸೇದಿ ಅವನ ಎಡಗಾಲಿನ ರಕ್ತನಾಳಗಳು ಮುಚ್ಚಿಹೋಗಿದ್ದವು. ಎರಡು ಬೆರಳು ಕಪ್ಪಾದವು, ಪಾದ ಮರಗಟ್ಟಿತು. ಮೊಣಕಾಲಿನ ಕೆಳಗೆ ಕತ್ತರಿಸಬೇಕೆಂದು ಒಬ್ಬ ಡಾಕ್ಟರು ಹೇಳಿದ ಮೇಲೆ, ಕೊಲ್ಹಾಪುರದ ಒಂದು ಆಸ್ಪತ್ರೆಯಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆಗೆ ಒಪ್ಪಿದೆವು. ಅವನದೇ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರೊಳಗಿನ ಜೀವಕೋಶಗಳನ್ನು ಬೇರ್ಪಡಿಸಿ, ಮೀನಖಂಡದಲ್ಲಿ ಹತ್ತಾರು ಕಡೆ ಚುಚ್ಚಿದರು. ಹೊಸ ನಾಳ ಹುಟ್ಟಿದರೆ ಕಾಲು ಉಳಿಯುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು ಎಂದರು. ಅತ್ತಿಗೆ ಗೌರವ್ವ ಕುರಿಗಳಿಗಾಗಿ ಊರಲ್ಲೇ ಉಳಿದಿದ್ದಳು.

ಮೂರನೆಯ ದಿನ ಮಧ್ಯಾಹ್ನ, ಮಲಗಿದ್ದ ಅಣ್ಣ ಕಣ್ಣು ತೆರೆದು ನನ್ನ ಕೈ ಹಿಡಿದ.

“ತಮ್ಮಾ, ಕಾಲು ನೀರಾಗ ಇಳದೈತಿ. ಅಡಿಯಾಗಿನ ಉಸುಕು ಸರ್ಯಾಕತ್ತೈತಿ. ಗೌರವ್ವಗ ಫೋನ್ ಮಾಡು. ಹೊಳಿ ಬಿಟ್ಟು ಮ್ಯಾಲ ಬಾ ಅನ್ನು.”

ಔಷಧದ ಮಂಪರು ಎಂದುಕೊಂಡೆ. ಮಾಡುತ್ತೇನೆಂದು ಹೊರಗೆ ಹೋದೆ. ಫೋನ್ ಕೈಯಲ್ಲೇ ಇತ್ತು, ಮಾಡಲಿಲ್ಲ. ಒಂದು ಕಪ್ ಚಹಾ ಕುಡಿದು ಒಳಗೆ ಬಂದು, ‘ಮಾತಾಡಿದೆ, ಮನೆಯಲ್ಲೇ ಇದ್ದಾಳೆ’ ಎಂದು ಸುಳ್ಳು ಹೇಳಿದೆ. ಅವನು ಮತ್ತೆ ಕಣ್ಣು ಮುಚ್ಚಿದ. ಹೊದಿಕೆ ಸರಿಪಡಿಸುವಾಗ ಅವನ ಎಡ ಅಂಗಾಲು ನನ್ನ ಕೈಗೆ ತಗುಲಿತು. ತಿಂಗಳುಗಳಿಂದ ಒಣಗಿ ಬಿರಿದಿದ್ದ ಆ ಚರ್ಮ ಒದ್ದೆಯಾಗಿತ್ತು. ಹಾಸಿಗೆ ಒಣಗಿಯೇ ಇತ್ತು.

ಒಂದು ಗಂಟೆಯೊಳಗೆ ಊರಿನಿಂದ ಫೋನ್ ಬಂತು. ಕಂಬಳಿ ತೊಳೆಯಲು ಹಿರಣ್ಯಕೇಶಿ ಹೊಳೆಗೆ ಹೋದ ಅತ್ತಿಗೆ ಕಾಣುತ್ತಿಲ್ಲ, ಕಂಬಳಿಗಳಷ್ಟೇ ಕಲ್ಲಿನ ಮೇಲಿವೆ ಎಂದರು. ಸಂಜೆ, ಹೊಳೆಗೆ ಅಡ್ಡ ಕಟ್ಟಿದ ಬಂಧಾರದ ಬಳಿ ಅವಳ ಹೆಣ ಸಿಕ್ಕಿತು.

ಅಣ್ಣನ ಕಾಲು ಉಳಿಯಿತು. ಕೆಲವು ತಿಂಗಳಲ್ಲಿ ಗಾಯ ಮಾಯಿತು, ಪಾದ ಬೆಚ್ಚಗಾಯಿತು. ಮೂರೇ ದಿನಕ್ಕೆ ಸ್ಪರ್ಶ ತಿಳಿಯಬಹುದೇ ಎಂದು ಡಾಕ್ಟರನ್ನು ಕೇಳಿದೆ. ಅಷ್ಟು ಬೇಗ ಸಾಧ್ಯವಿಲ್ಲ ಎಂದರು. ಒದ್ದೆಯಾದ ಸಂಗತಿ ಹೇಳಲು ನನಗೆ ಧೈರ್ಯವಾಗಲಿಲ್ಲ.

ಹೋದ ವರ್ಷ ಅಣ್ಣ ಎಸ್.ಟಿ. ಬಸ್ಸಿನಲ್ಲಿ ಒಬ್ಬನೇ ನಮ್ಮ ಮನೆಗೆ ಬಂದಿದ್ದ. ಊಟಕ್ಕೆ ಕುಳಿತಾಗ ಮೊದಲ ಸಲ ಆ ದಿನದ ಮಾತು ತೆಗೆದ.

“ಅವತ್ತ ನೀ ಫೋನ್ ಮಾಡಿದಾಗ ಆಕಿ ಏನಂದ್ಲು?”

ನಿಜ ಹೇಳಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: “ಊಟಾ ಮಾಡ್ಯಾರೇನು ಅಂತ ಕೇಳಿದ್ಲು.”

ಅಣ್ಣ ರೊಟ್ಟಿ ಮುರಿಯುತ್ತ ತಲೆಯಾಡಿಸಿದ. “ಹೌದು, ಹಂಗ ಕೇಳಿದ್ಲು. ನನಗೂ ಕೇಳಿಸಿತ್ತು.”

ನಾನು ಫೋನೇ ಮಾಡಿರಲಿಲ್ಲ. ಅವನಿಗೆ ಕೇಳಿಸಿದ್ದು ಯಾರ ದನಿ, ನನ್ನ ಬಾಯಿಗೆ ಆ ಮಾತೇ ಏಕೆ ಬಂತು, ಎರಡೂ ನನಗೆ ಇನ್ನೂ ತಿಳಿದಿಲ್ಲ. ಅವನನ್ನೇ ಕೇಳಬಹುದು. ಕೇಳಬೇಕೆಂದರೆ ಮೊದಲು ನನ್ನ ಸುಳ್ಳನ್ನು ಒಪ್ಪಿಕೊಳ್ಳಬೇಕು.