ತೆಗೆದವನೇ ಹಾಕಬೇಕು

ಉಸೇನಪ್ಪಣ್ಣ ಯಾರನ್ನೂ ಕ್ಷಮಿಸಿದವನಲ್ಲ. ಮನುಷ್ಯರ ಮಾತು ಬಿಡಿ, ಸುಟ್ಟ ಫ್ಯೂಸನ್ನೂ ನೆಲಕ್ಕೆ ಹಾಕಿ ಚಪ್ಪಲಿಯಿಂದ ತುಳಿದು, "ಹಾಳಾಗಿ ಹೋಗು, ಎಷ್ಟು ಕಾಡಿದಿ" ಎಂದು ಬೈದ ಮೇಲೆಯೇ ಚಹಾ ಕುಡಿಯುತ್ತಿದ್ದ. ಬಳ್ಳಾರಿಯಲ್ಲಿ ಸಿರುಗುಪ್ಪ ರಸ್ತೆಯ ಪಕ್ಕ ಅವನ ತಗಡಿನ ಅಂಗಡಿ. ಹಳೆ ಗಾಡಿಗಳ ವೈರಿಂಗ್, ಬ್ಯಾಟರಿ ಕೆಲಸ. ಗಿಡ್ಡ ಆಳು, ಕೆಂಗಣ್ಣು, ಬಾಯಲ್ಲಿ ಸದಾ ಎಲೆಅಡಿಕೆ. ನನಗೆ ಅವನು ದೇವರಿಗಿಂತ ಹೆಚ್ಚು. ದೇವರು ನಮ್ಮ ಭಾವನನ್ನು ಏನೂ ಮಾಡಲಿಲ್ಲ, ಇವನು ಮಾಡಿದ.

ಕೆಡಿಸಿದವನೇ ಬಂದು ಸರಿಮಾಡಬೇಕು ಎಂಬುದು ಅವನ ಅಂಗಡಿಯ ಕಾನೂನು. ಕುರುಗೋಡಿನ ಡ್ರೈವರ್ ಒಬ್ಬ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿ, ವೈರೆಲ್ಲ ಸುಟ್ಟುಕೊಂಡು ಬಂದಿದ್ದ. ಉಸೇನಪ್ಪಣ್ಣ ಗಾಡಿಗೆ ಕೈಯನ್ನೇ ಹಚ್ಚಲಿಲ್ಲ. ಸ್ಟೂಲ್ ಹಾಕಿಕೊಂಡು ಕೂತ. "ನೀನ ಸುಟ್ಟಿ, ನೀನ ಬಿಚ್ಚಲೇ. ನಾ ಹೇಳತೀನಿ, ನೀ ಮಾಡು." ಆ ಪುಣ್ಯಾತ್ಮ ಸಂಜೆಯವರೆಗೆ ಗಾಡಿಯೊಳಗೆ ಅಂಗಾತ ಮಲಗಿ ಬೆವೆತ. ನಾನು "ಬಿಡಣ್ಣಾ, ಪಾಪ" ಎಂದರೆ, "ಪಾಪ ಅಂದ್ರ ನಾಳೆ ಮತ್ತ ಸುಡತಾನ" ಎಂದ.

ನನ್ನ ಗಂಡ ತೀರಿಕೊಂಡ ಮೇಲೆ ಅವರ ಮನೆಯವರು ನನಗೆ ಬಿಟ್ಟುಕೊಟ್ಟದ್ದು ಅವರ ಹಳೆ ಪಿಕಪ್ ಒಂದನ್ನೇ. ಅದೂ ಬಹಳ ದಿನ ಗಂಡನ ಅಣ್ಣ, ಅಂದರೆ ಆ ಭಾವನ ಅಂಗಳದಲ್ಲಿ ನಿಂತ ಮೇಲೆ. ಬಳ್ಳಾರಿಯ ಜೀನ್ಸ್ ಘಟಕದಿಂದ ಕತ್ತರಿಸಿದ ಬಟ್ಟೆ ಒಯ್ದು, ಕೊಳಗಲ್ಲು, ಕುರುಗೋಡಿನಲ್ಲಿ ಮನೆಯಲ್ಲೇ ಹೊಲಿಯುವ ಹೆಂಗಸರಿಗೆ ಹಂಚಿ, ಹೊಲಿದ ಪ್ಯಾಂಟು ವಾಪಸು ತರುವ ಕೆಲಸ ಹಿಡಿದೆ. ಗಾಡಿ ನಾನೇ ಓಡಿಸಿದೆ. ಭಾವನಿಗೆ ಅದೇ ಹೊಟ್ಟೆಯುರಿ. "ಹೆಂಗಸ್ರ ಕೈಯಾಗ ಗಾಡಿ ಉಳೀತೈತೇನು? ಇವತ್ತಲ್ಲ ನಾಳೆ ತಂದು ನಮ್ಮ ಬಾಗಲಾಗ ಬಿಡತಾಳ" ಎಂದು ಊರೆಲ್ಲ ಸಾರಿಕೊಂಡು ತಿರುಗಿದ.

ಗಾಡಿಯೂ ಅವನ ಮಾತನ್ನೇ ಕೇಳಿತು. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಬ್ಯಾಟರಿ ಸತ್ತಿರುತ್ತಿತ್ತು. ಹೊಸದು ಹಾಕಿಸಿದೆ, ಅದೂ ಸತ್ತಿತು. ಘಟಕದ ಮಾಲೀಕ, "ಇನ್ನೊಮ್ಮೆ ಮಾಲು ತಡ ಆದ್ರ ಈ ಕೆಲಸಕ್ಕ ನಿಮ್ಮ ಭಾವನ್ನ ಕರೀತೀನಮ್ಮಾ" ಎಂದುಬಿಟ್ಟ. ಆ ಕೆಲಸ ಹೋದರೆ ನನಗೆ ಬೇರೆ ಗತಿ ಇರಲಿಲ್ಲ.

ಗಾಡಿ ತಳ್ಳಿಸಿಕೊಂಡು ಉಸೇನಪ್ಪಣ್ಣನ ಹತ್ತಿರ ಬಂದೆ. ಅವನು ತನ್ನ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿಸಿ ಮೀಟರ್ ಹಿಡಿದ. ಮುಳ್ಳು ಮೇಲೇರಲಿಲ್ಲ. ಬೆಲ್ಟ್ ಒತ್ತಿ ನೋಡಿದ, ಬಿಗಿಯಾಗಿತ್ತು. ವೈರು ಜಗ್ಗಿ ನೋಡಿದ, ಗಟ್ಟಿಯಾಗಿತ್ತು. ಗಾಡಿ ಬಂದ್ ಮಾಡಿಸಿ, "ಬರೇ ಕೀ ತಿರುವು, ಸ್ಟಾರ್ಟ್ ಮಾಡಬ್ಯಾಡ" ಎಂದ. ಬ್ಯಾಟರಿಯ ಕೆಂಪು ದೀಪ ಹತ್ತಲಿಲ್ಲ.

"ಅದು ಎಂದೂ ಹತ್ತಿಲ್ಲಣ್ಣಾ. ಅದೊಂದು ಛಲೋ ಐತಿ" ಎಂದೆ.

"ಛಲೋ ಐತೆಂತ! ತಂಗೀ, ಕೀ ತಿರುವಿದಾಗ ಅದು ಹತ್ತಬೇಕು, ಗಾಡಿ ಚಾಲೂ ಆದ ಮ್ಯಾಲೆ ಆರಬೇಕು. ಈ ಹಳೇ ಗಾಡ್ಯಾಗ ಆ ಬಲ್ಬಿನಾಗಿಂದ ಕರೆಂಟ್ ಹಾದು ಹೋದ್ರನ ಡೈನಮೋ ಎಚ್ಚರ ಆಗತೈತಿ. ಬಲ್ಬಿಲ್ಲಂದ್ರ ಸುಮ್ನ ತಿರಗತೈತಿ, ಬ್ಯಾಟರಿ ತುಂಬಂಗಿಲ್ಲ."

ಸ್ಟೇರಿಂಗ್ ಹಿಂದಿನ ಮೀಟರ್ ಬಿಚ್ಚಿ ತೋರಿಸಿದ. ಬಲ್ಬಿನ ಗೂಡು ಖಾಲಿ. "ನಿನ್ನ ಗಂಡ ಇದ್ದಾಗ ನಾನ ಹಾಕಿದ್ದೆ. ಗಾಡಿ ಯಾರ ಮನ್ಯಾಗ ನಿಂತಿತ್ತು?" ಹೇಳಿದೆ. ಎಲೆಅಡಿಕೆ ಉಗುಳಿ, ಮೀಟರ್ ಮತ್ತೆ ಮುಚ್ಚಿಬಿಟ್ಟ. "ಈ ಬಲ್ಬು ನಾ ಹಾಕಂಗಿಲ್ಲ" ಎನ್ನುತ್ತ ಫೋನ್ ತೆಗೆದ.

"ಸೌಕಾರ್ರ, ನಿಮ್ಮ ತಮ್ಮನ ಹೆಂಡ್ತಿ ಸೋತಾಳ್ರಿ. ಗಾಡಿ ಒಯ್ಯಾಕ ಬರ್ರಿ."

ಭಾವ ಬೈಕಿನಲ್ಲಿ ಹಾರಿ ಬಂದ. ಪಕ್ಕದ ಚಹಾ ಅಂಗಡಿಯ ಜನ ನೋಡುತ್ತಿದ್ದರು. ಉಸೇನಪ್ಪಣ್ಣ ಒಂದು ಸಣ್ಣ ಬಲ್ಬು, ಸ್ಕ್ರೂಡ್ರೈವರ್ ಅವನ ಕೈಗಿಟ್ಟು, "ಇದೊಂದು ಬಾಕಿ ಐತ್ರಿ. ನನ್ನ ಕಣ್ಣು ಮಂಜು. ಹಾಕ್ಕೊಂಡು ಹೋಗಿಬಿಡ್ರಿ" ಎಂದ. ಗಾಡಿಯಲ್ಲಿ ಹಿಂದೆ ಮುಂದೆ ಎಲ್ಲ ಕಡೆ ಬಲ್ಬುಗಳಿವೆ. ಇದು ಎಲ್ಲಿಯದು ಎಂದು ಭಾವ ಕೇಳಲೇ ಇಲ್ಲ. ಗಾಡಿ ಸಿಕ್ಕ ಖುಷಿಯಲ್ಲಿ ಸೀದಾ ಹತ್ತಿ, ಮೀಟರ್ ಬಿಚ್ಚಿ, ಆ ಖಾಲಿ ಗೂಡಿಗೇ ಕೂಡಿಸಿ ಮುಚ್ಚಿದ. ಉಸೇನಪ್ಪಣ್ಣ ಕೀ ತಿರುವಿದ. ಕೆಂಪು ದೀಪ ಹತ್ತಿತು, ಸ್ಟಾರ್ಟ್ ಮಾಡಿದರೆ ಆರಿತು.

"ಎಲ್ಲಿ ಅಂತ ನಾ ಹೇಳಲೇ ಇಲ್ಲಲ್ರೀ ಸೌಕಾರ್ರ."

ಚಹಾ ಅಂಗಡಿಯಲ್ಲಿ ಗೊಳ್ಳೆಂದು ನಕ್ಕರು. ಭಾವ ಬೈಕಿನ ಕೀಗಾಗಿ ಜೇಬೆಲ್ಲ ತಡಕಾಡಿದ. ಸುಳ್ಳೇಕೆ ಹೇಳಲಿ, ಇನ್ನೂ ತಡಕಾಡಲಿ ಎನ್ನಿಸಿತು. ನನ್ನ ಹೊಟ್ಟೆ ತಣ್ಣಗಾಯಿತು. ಕೆಲಸವೂ ಉಳಿಯಿತು.

ಆಮೇಲೆ ಉಸೇನಪ್ಪಣ್ಣನಿಗೆ ಉಬ್ಬಸ ಹತ್ತಿತು. ಆಸ್ಪತ್ರೆಗೆ ನೋಡಲು ಹೋದಾಗ, ಭಾವನ ಮಗಳ ಮದುವೆಗೆ ನನ್ನನ್ನು ಕರೆದಿದ್ದಾರೆ, ನಾನು ಹೋಗುವುದಿಲ್ಲ ಎಂದೆ. ಅಷ್ಟು ಏದುಸಿರಿನಲ್ಲೂ ಎದ್ದು ಕೂತ.

"ಯಾಕ ಹೋಗಂಗಿಲ್ಲ? ಗಾಡಿ ತಗೊಂಡ ಹೋಗು. ಕಲ್ಯಾಣ ಮಂಟಪದ ಬಾಗಲಕ್ಕ ಅಡ್ಡ ನಿಲ್ಲಸು. ಏನಾತು ಅಂತ ನನಗ ಬಂದು ಹೇಳಬೇಕು ಮತ್ತ."

ಹೋದೆ, ಬಾಗಿಲಿಗೆ ಅಡ್ಡವೇ ನಿಲ್ಲಿಸಿದೆ. ಗಂಡಿನ ಕಡೆಯವರ ಕಾರುಗಳು ಸಾಲುಗಟ್ಟಿದವು. ಭಾವನೇ ಊಟದ ಸಾಲಿಗೆ ಬಂದು, ಎಲ್ಲರೆದುರು ಬಗ್ಗಿ, "ಗಾಡಿ ಸ್ವಲ್ಪ ಸರಸ್ತೀಯೇನಮ್ಮಾ, ನಿನಗ ಕೈ ಮುಗೀತೀನಿ" ಎಂದ. "ಪಾಯಸ ಬರಲಿ ಇರ್ರಿ ಭಾವ" ಎಂದೆ. ಪಾಯಸ ಎರಡು ಸಲ ಹಾಕಿಸಿಕೊಂಡೆ.

ಮಂಟಪದಿಂದ ನೇರ ಆಸ್ಪತ್ರೆಗೇ ಗಾಡಿ ಬಿಟ್ಟೆ. ದಾರಿಯುದ್ದಕ್ಕೂ ಭಾವನ ದನಿಯಲ್ಲೇ ಆ ಮಾತು ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೆ. ಉಸೇನಪ್ಪಣ್ಣನ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. "ಬೆಳಿಗ್ಗೆನೇ ತೀರಿಹೋದ್ರಮ್ಮಾ" ಎಂದಳು ನರ್ಸ್. ಭಾವನನ್ನಾದರೂ ಮುಂದೊಂದು ದಿನ ಕ್ಷಮಿಸಿಯೇನು. ಅರ್ಧ ದಿನ ತಡೆಯದೆ ಹೋದ ಉಸೇನಪ್ಪಣ್ಣನನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.