ಪಕ್ಕದ ಸೀಟಿಗೆ ದಸ್ತಿ

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗಕ್ಕೆ ಕಂಡಿಕೆ ಸುತ್ತುವ ಶಹನಾಜ ಹುಟ್ಟಿನಿಂದ ಕುರುಡಿ. ಕೈ ನೂಲಿನ ಮೇಲಿದ್ದರೂ ಅವಳ ಬಾಯಿಗೆ ಬಿಡುವಿಲ್ಲ. ಯಾರ ಸೊಸೆ ಯಾಕೆ ಮುನಿಸಿಕೊಂಡು ತವರಿಗೆ ಹೋದಳು ಎಂಬುದು ಆ ಸೊಸೆಗಿಂತ ಮೊದಲು ಇವಳಿಗೆ ಗೊತ್ತಿರುತ್ತದೆ. ಹೊರಗೆ ಹೋಗಬೇಕಾದಾಗಲೆಲ್ಲ ಯಾರಾದರೂ ಬರಲಿ ಎಂದು ಕಾಯುತ್ತ ಕೂರುವುದು ಅವಳಿಗೆ ಸಾಕಾಗಿತ್ತು. ಕುರುಡರಿಗೆ ದಾರಿ ತೋರುವ ನಾಯಿಗಳನ್ನು ಪಳಗಿಸುವ ದಿಲ್ಲಿಯ ಸಂಸ್ಥೆಯೊಂದಕ್ಕೆ ಫೋನು ಮಾಡಿ, ಪೀಡಿಸಿ, ಕೊನೆಗೂ ಒಂದು ನಾಯಿಯನ್ನು ತರಿಸಿಕೊಂಡಳು. ಅದರ ಹೆಸರು ಬಾದಲ್.

ಓಣಿಯವರು ನಕ್ಕರು. ತಾಯಿ ರಹಿಮತಬಿ ನಗಲಿಲ್ಲ. ನಮಾಜು ಮಾಡುವ ಮನೆಯೊಳಗೆ ನಾಯಿ ಬೇಡವೆಂದು ಹಟ ಹಿಡಿದು ಹೊರಗಿನ ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಟ್ಟಳು. ಆದರೂ ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಮೊದಲು ಅದಕ್ಕೇ ಇಡುತ್ತಿದ್ದಳು. ಬೈಗಳು ಮಾತ್ರ ನಿಲ್ಲಲಿಲ್ಲ.

ಬಾದಲ್ ಮೊದಲು ಧಾರವಾಡದಲ್ಲಿ ಯಶೋಧರಾ ಎಂಬ ಕುರುಡು ಶಿಕ್ಷಕಿಯ ಜೊತೆಗಿತ್ತು. ಆಕೆ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಸಂಸ್ಥೆ ಅದನ್ನು ಶಹನಾಜಳಿಗೆ ಕೊಟ್ಟಿತು. ಅದು ಬಂದ ಕೆಲವೇ ದಿನಗಳಲ್ಲಿ ರಹಿಮತಬಿ ಒಂದು ಸಂಗತಿಯನ್ನು ಗಮನಿಸಿದಳು. ಮಗಳನ್ನು ಬಾಗಿಲು ದಾಟಿಸಿದ ಮೇಲೆ ನಾಯಿ ಕೂಡಲೇ ಮುಂದೆ ಹೋಗುತ್ತಿರಲಿಲ್ಲ. ಬದಿಗೆ ಸರಿದು, ಮುಖ ಮೇಲೆತ್ತಿ, ಇನ್ನೊಬ್ಬರು ದಾಟುವಷ್ಟು ಹೊತ್ತು ನಿಲ್ಲುತ್ತಿತ್ತು. ಆಮೇಲೆ ಬಾಲ ಅಲ್ಲಾಡಿಸಿ ನಡೆಯುತ್ತಿತ್ತು.

“ಬಾಗಲದಾಗ ಯಾರಿಗೆ ಹಾದಿ ಬಿಡತೈತಿ ಅದು?” ಎಂದು ತಾಯಿ ಕೇಳಿದಳು.

“ನಿನಗ ಬಿಡತಿರಬೇಕ ತಗೋ,” ಎಂದು ಶಹನಾಜ ನಕ್ಕಳು.

“ನಾ ಒಳಗ ಒಲಿ ಮುಂದ ಕುಂತಿರತೀನಿ.”

ಅಂದಿನಿಂದ ಶಹನಾಜಳ ನಗುವೂ ತಗ್ಗಿತು. ಸಂತೆಗೆ ಹೋಗುವಾಗ ಬಾದಲ್ ಅವಳ ಎಡಕ್ಕೆ ನಡೆಯುತ್ತಿತ್ತು. ಬಲಕ್ಕೆ ಮತ್ತೊಬ್ಬರು ನಡೆಯುವಷ್ಟು ಜಾಗ ಬಿಟ್ಟೇ ಅವಳನ್ನು ಕರೆದೊಯ್ಯುತ್ತಿತ್ತು. ಎಷ್ಟು ಇಕ್ಕಟ್ಟಿನ ಸಂದಿಯಾದರೂ ಅವಳ ಬಲದೋಳು ಗೋಡೆಗೆ ಒಮ್ಮೆಯೂ ತಾಗಲಿಲ್ಲ. ಕೆಲವೊಮ್ಮೆ ಉರಿಬಿಸಿಲಲ್ಲೂ ಆ ಬದಿಯಷ್ಟೇ ತಣ್ಣಗಿರುತ್ತಿತ್ತು. ಅವಳಿಗೆ ಭಯಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ನಾಯಿ ತನ್ನದಲ್ಲ, ತಾನೇ ಬೇರೆಯವರ ನಾಯಿಯ ಹಿಂದೆ ತಿರುಗುತ್ತಿದ್ದೇನೆ ಅನ್ನಿಸಿತು.

ವರ್ಷ ತುಂಬಿದಾಗ ದಿಲ್ಲಿಯಿಂದ ಫೋನು ಬಂತು. ನಾಯಿ ಹೊಸ ಒಡತಿಗೆ ಹೊಂದಿಕೊಂಡಿದೆಯೇ ಎಂದು ನೋಡಬೇಕು, ಹುಬ್ಬಳ್ಳಿಯಿಂದ ವಿಮಾನದಲ್ಲಿ ನೀವೂ ನಾಯಿಯೂ ಇಬ್ಬರೇ ಬನ್ನಿ, ಆ ಪ್ರಯಾಣವೇ ಪರೀಕ್ಷೆ ಎಂದರು. ದಾರಿಯಲ್ಲಿ ಅದು ಮಾತು ಕೇಳಲಿಲ್ಲವೆಂದು ತಿಳಿದರೆ ಬಾದಲ್ ಬೇರೆಯವರ ಪಾಲಾಗುತ್ತಿತ್ತು. ಶಹನಾಜ ಆ ದಿನ ಕಂಡಿಕೆ ಮುಟ್ಟಲಿಲ್ಲ, ಮಾತೂ ಆಡಲಿಲ್ಲ.

ವಿಮಾನದವರ ನಿಯಮಗಳು ಮದುವೆಯ ಮಾತುಕತೆಗಿಂತ ಬಿಗಿಯಾಗಿದ್ದವು. ನಾಯಿ ಬರುತ್ತದೆಂದು ಮುಂಚೆಯೇ ಹೇಳಿರಬೇಕು. ಪಳಗಿಸಿದ ಸಂಸ್ಥೆಯ ಪ್ರಮಾಣಪತ್ರ ಬೇಕು, ಹುಚ್ಚುನಾಯಿ ರೋಗದ ಲಸಿಕೆ ಆಗಿರಬೇಕು, ಪ್ರಯಾಣಕ್ಕೆ ಗಟ್ಟಿಯಾಗಿದೆ ಎಂದು ದನದ ಡಾಕ್ಟರು ಬರೆದುಕೊಡಬೇಕು. ಎತ್ತಿನ ಬಾಯಿಗೆ ಹಾಕುವ ಕುಕ್ಕೆಯಂಥದ್ದು ಜೊತೆಗಿರಬೇಕು. ಸೀಟಿನ ಮೇಲೆ ಕೂರಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಒಡತಿಯ ಕಾಲ ಬಳಿಯೇ ಮಲಗಿರಬೇಕು.

ರೋಣದ ಡಾಕ್ಟರು ಬಾದಲ್‌ನ ಹಲ್ಲು ನೋಡಿ, ಕಿವಿ ನೋಡಿ, ತಲೆ ಕೆರೆದುಕೊಂಡರು. “ಎಮ್ಮಿಗೆ ಬರದೀನಿ, ಎತ್ತಿಗೆ ಬರದೀನಿ. ವಿಮಾನ ಹತ್ತೋ ಪೇಶಂಟ್ ಇದ ಮೊದಲ ನೋಡ್ರಿ,” ಎಂದು ಸಹಿ ಹಾಕಿಕೊಟ್ಟರು.

ವಿಮಾನದಲ್ಲಿ ಶಹನಾಜಳಿಗೆ ಎಡಗಡೆಯ ಕಿಟಕಿಯ ಸೀಟು ಸಿಕ್ಕಿತು. ಬಾದಲ್ ಜಾಣನಂತೆ ಅವಳ ಕಾಲ ಬಳಿ ಮಲಗಿತು. ನಾಯಿಗೆ ಇಕ್ಕಟ್ಟಾಗದಿರಲೆಂದು ಬಲಗಡೆಯ ಸೀಟು ಖಾಲಿ ಬಿಟ್ಟಿದ್ದೇವೆ ಎಂದು ಗಗನಸಖಿ ಹೇಳಿದಳು. ಶಹನಾಜಳಿಗೆ ನಂಬಿಕೆ ಬರಲಿಲ್ಲ. ಖಾಲಿ ಸೀಟು ಖಾಲಿಯಾಗಿಯೇ ಉಳಿದದ್ದನ್ನು ಅವಳು ಕೇಳಿದವಳೇ ಅಲ್ಲ. ಗಜೇಂದ್ರಗಡದ ಬಸ್ಸಿನಲ್ಲಿ ಮಾಡುವಂತೆ ಸೊಂಟಕ್ಕೆ ಸಿಕ್ಕಿಸಿದ್ದ ದಸ್ತಿ, ಅಂದರೆ ಕರವಸ್ತ್ರ, ತೆಗೆದು ಆ ಸೀಟಿನ ಮೇಲೆ ಹಾಕಿಬಿಟ್ಟಳು. ನಮ್ಮ ಕಡೆ ಕಿಟಕಿಯಿಂದ ದಸ್ತಿ ಬಿತ್ತೆಂದರೆ ಆ ಸೀಟಿಗೆ ಬರುವವರಿದ್ದಾರೆ ಎಂದೇ ಅರ್ಥ. ತಹಸೀಲ್ದಾರರೂ ಅದನ್ನು ಎತ್ತಿಡುವಂತಿಲ್ಲ.

ದಸ್ತಿ ಬಿದ್ದದ್ದೇ ತಡ, ಬಾದಲ್ ಎದ್ದಿತು. ಬದಿಗೆ ಸರಿದು ನಿಂತಿತು. ಯಾರೋ ದಾಟಿ ಬರುವಷ್ಟು ಹೊತ್ತು ಕಾಯಿತು. ಪಕ್ಕದ ಸೀಟಿನ ಸ್ಪಂಜು ಮೆಲ್ಲಗೆ ಕುಸಿದ ಸಪ್ಪಳ ಶಹನಾಜಳಿಗೆ ಸ್ಪಷ್ಟವಾಗಿ ಕೇಳಿಸಿತು. ನಾಯಿ ಕುಂಯ್‌ಗುಟ್ಟುತ್ತ ಹೋಗಿ ಆ ಸೀಟಿನ ಕೆಳಗೆ ಮಲಗಿತು.

ಶಹನಾಜಳ ಮೈಯೆಲ್ಲ ಮುಳ್ಳೆದ್ದಿತು. ಯಶೋಧರಾಳನ್ನು ಕರೆದದ್ದು ತಾನೇ ಎಂದು ಅವಳಿಗೆ ಹೊಳೆಯಿತು.

“ಮೇಡಂ, ನಾಯಿ ನಿಮ್ಮ ಕಾಲ ಹತ್ತಿರ ಬರಬೇಕು,” ಎಂದಳು ಗಗನಸಖಿ. ಶಹನಾಜ ಕರೆದಳು. ಬಾದಲ್ ಏಳಲಿಲ್ಲ. ಪಟ್ಟಿ ಜಗ್ಗಿದಳು, ಗದರಿಸಿದಳು, ಬೇಡಿಕೊಂಡಳು.

“ಹೀಗಾದರೆ ಇಬ್ಬರನ್ನೂ ಇಳಿಸಬೇಕಾಗುತ್ತೆ ಮೇಡಂ. ಸಂಸ್ಥೆಯವರಿಗೂ ತಿಳಿಸಬೇಕು.”

ದಸ್ತಿ ಎತ್ತಿಕೊಂಡುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಹಿಡಿದಿಟ್ಟ ಸೀಟಿನಲ್ಲಿ ಕೂತವರನ್ನು ಎಬ್ಬಿಸುವಷ್ಟು ಮಾನಗೇಡಿ ಅವಳಲ್ಲ. ಅವಳು ಬಲಕ್ಕೆ ತಿರುಗಿದಳು.

“ಅಕ್ಕಾರ, ದಸ್ತಿ ಹಾಕಿದಾಕಿ ನಾನ. ಕುಂತೀರಿ, ಕುಂದರ್ರಿ. ಏಳ್ರಿ ಅಂತ ನಾ ಅನ್ನೂದಿಲ್ಲ. ಆದ್ರ ನಿಮಗ ಈಗ ಹಾದಿ ತೋರಸವರು ಬೇಕಾಗಿಲ್ರಿ. ನನಗ ಬೇಕು. ಇದಿಲ್ಲಂದ್ರ ನಾ ಮತ್ತ ಮೂಲ್ಯಾಗ ಕುಂದರೂದ. ಒಂದ ಮಾತ ಹೇಳಿ ಅದನ್ನ ಈ ಕಡೆ ಕಳಸ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪಕ್ಕದಲ್ಲಿ ಬಟ್ಟೆ ಸರಿದಂತಾಯಿತು, ಯಾರೋ ಬಗ್ಗಿದಂತೆ. ಸ್ವಲ್ಪ ಹೊತ್ತಿಗೆ ಬಾದಲ್ ಎದ್ದು ಬಂದು ಶಹನಾಜಳ ಪಾದದ ಮೇಲೆ ಗದ್ದ ಊರಿತು. ಇಷ್ಟು ದಿನದಲ್ಲಿ ಅದು ಹಾಗೆ ಮಾಡಿದ್ದು ಅದೇ ಮೊದಲು. ಅವಳಿಗೆ ಅಳು ತಡೆಯಲಾಗಲಿಲ್ಲ.

“ಈಗ ಸರಿಯಾಯ್ತು ಮೇಡಂ,” ಎಂದ ಗಗನಸಖಿಯ ದನಿ ಸಣ್ಣಗೆ ನಡುಗುತ್ತಿತ್ತು.

ವಿಮಾನ ಗುಡುಗುತ್ತ ಓಡತೊಡಗಿತು. ವರ್ಷವೆಲ್ಲ ಆ ಹೆಂಗಸನ್ನು ಕಳ್ಳಿಯಂತೆ ಕಂಡೆನಲ್ಲ, ನಾಯಿಯನ್ನು ಕಳೆದುಕೊಂಡವಳು ಆಕೆಯಲ್ಲವೇ ಎಂದು ಶಹನಾಜಳಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಉಸಿರು ಜೋರಾಗಿ ಏರಿಳಿಯುತ್ತಿತ್ತು.

“ಅಂಜಿಕಿ ಬರಾಕತ್ತೈತೇನ್ರಿ?” ಎಂದು ಮೆಲ್ಲಗೆ ಕೇಳಿ ಅವಳು ಬಲಗೈ ಚಾಚಿದಳು.

ತಣ್ಣನೆಯ ಬೆರಳುಗಳು ಬಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡವು. ಆಕೆಯೂ ವಿಮಾನ ಹತ್ತಿದ್ದು ಅದೇ ಮೊದಲಿರಬೇಕು.